ಇಸ್ತ್ರಿಯಮ್ಮನ ಹತ್ತು ಬೆರಳು

ವೀಸಾ ಕಚೇರಿಯ ಮೂರನೇ ಕೌಂಟರಿನ ಹುಡುಗಿ ನನ್ನ ಅತ್ತೆಯ ಬಲಗೈಯ ನಾಲ್ಕು ಬೆರಳುಗಳನ್ನು ಹಿಡಿದು ಗಾಜಿನ ಮೇಲೆ ಒತ್ತಿದಳು. ಯಂತ್ರದೊಳಗೆ ಹಸಿರು ಬೆಳಕು ಹೊತ್ತಿತು, ಆರಿತು. ತೆರೆಯ ಮೇಲೆ ನಾಲ್ಕು ಬೂದು ಮಚ್ಚೆಗಳು ಮೂಡಿದವು. ಗೆರೆ ಒಂದೂ ಇರಲಿಲ್ಲ.

"ಇನ್ನೊಂದು ಸಲ ಅಮ್ಮಾ. ಸ್ವಲ್ಪ ಗಟ್ಟಿಯಾಗಿ ಒತ್ತಿ."

"ಇದಕ್ಕಿಂತ ಗಟ್ಟಿ ಒತ್ತಿದ್ರೆ ನಿಮ್ಮ ಗಾಜು ಒಡೆದುಹೋಗುತ್ತೆ," ಎಂದರು ಅತ್ತೆ. "ನಲವತ್ತು ವರ್ಷ ಇಸ್ತ್ರಿಪೆಟ್ಟಿಗೆ ಒತ್ತಿದ ಕೈ ಇದು."

ಹುಡುಗಿ ಕಾಗದದ ಕರವಸ್ತ್ರದಿಂದ ಅತ್ತೆಯ ಬೆರಳುಗಳನ್ನು ಒರೆಸಿದಳು. ಗಾಜನ್ನೂ ಒರೆಸಿದಳು. ಎಡಗೈ ಇಡಿಸಿದಳು, ಹೆಬ್ಬೆರಳುಗಳನ್ನು ಇಡಿಸಿದಳು. ಏಳು ಸಲ ಆದ ಮೇಲೆ ಯಂತ್ರ ತಾನಾಗಿಯೇ ನಿಂತುಹೋಯಿತು.

"ನಿಮಗೆ ಬೆರಳಚ್ಚೇ ಇಲ್ಲವಲ್ಲ ಅಮ್ಮಾ."

"ಮೊದಲೇ ಗೊತ್ತಿದ್ದಿದ್ರೆ ಕಳ್ಳತನ ಮಾಡ್ಕೊಂಡು ಸುಖವಾಗಿರ್ತಿದ್ದೆ," ಎಂದರು ಅತ್ತೆ. ನಮ್ಮ ಹಿಂದೆ ಸಾಲಿನಲ್ಲಿದ್ದ ಇಬ್ಬರು ನಕ್ಕರು. ಅತ್ತೆ ನಗಲಿಲ್ಲ. ತಮ್ಮ ಅಂಗೈಗಳನ್ನು ಮುಖದ ಹತ್ತಿರ ತಂದು, ಗಿರಾಕಿಯ ಅಂಗಿಯಲ್ಲಿ ಕಲೆ ಹುಡುಕುವಂತೆ ನೋಡಿದರು.

ನನ್ನ ಹತ್ತೂ ಬೆರಳುಗಳು ಮೊದಲ ಸಲಕ್ಕೇ ಬಂದಿದ್ದವು.

ಬೆರಳಚ್ಚು ಶಾಶ್ವತವಾಗಿ ಅಳಿಸಿಹೋಗಿದ್ದರೆ ವೈದ್ಯರಿಂದ ಪತ್ರ ತರಬೇಕು, ಮತ್ತೆ ಬರುವಂಥದ್ದಾದರೆ ಬರುವವರೆಗೆ ಕಾಯಬೇಕು ಎಂದು ಹುಡುಗಿ ವಿವರಿಸಿದಳು. ಅರ್ಜಿಯನ್ನು ಅಲ್ಲಿಯವರೆಗೆ ಸ್ವೀಕರಿಸುವಂತಿಲ್ಲ. ಎರಡೂ ಫೈಲುಗಳನ್ನು ವಾಪಸ್ ಕೊಟ್ಟಳು.

ನನ್ನ ನಾದಿನಿ ಯುರೋಪಿನ ಒಂದು ದೇಶದಲ್ಲಿ ನರ್ಸ್. ಮದುವೆಯಾದದ್ದೂ ಅಲ್ಲಿಯವರನ್ನೇ. ಅವಳ ಹೆರಿಗೆಗೆ ಒಂಬತ್ತು ವಾರ ಉಳಿದಿತ್ತು. ಅವಳ ಅಣ್ಣ, ಎಂದರೆ ನನ್ನ ಗಂಡ, ತೀರಿಕೊಂಡು ಆರು ತಿಂಗಳಾಗಿತ್ತು. ಆಗ ಅವಳಿಗೆ ಬರಲಾಗಲಿಲ್ಲ. ಅವಳ ಪಾಸ್‌ಪೋರ್ಟೂ ವಾಸದ ಕಾರ್ಡೂ ನವೀಕರಣಕ್ಕೆಂದು ಅಲ್ಲಿನ ಕಚೇರಿಯಲ್ಲಿದ್ದವು. ಅಂತ್ಯಕ್ರಿಯೆಯನ್ನೆಲ್ಲ ಫೋನಿನಲ್ಲಿ ನೋಡಿದಳು. ಈ ಕಡೆ ಫೋನು ಹಿಡಿದಿದ್ದ ನೆಂಟರ ಕೈ ನಿಲ್ಲುತ್ತಿರಲಿಲ್ಲ. ಹೆಚ್ಚು ಹೊತ್ತು ಅವಳಿಗೆ ಕಂಡದ್ದು ನಮ್ಮ ಮನೆಯ ಚಾವಣಿ.

ಅಂದಿನಿಂದ ಪ್ರತಿ ಭಾನುವಾರ ಮಾತಾಡುವಾಗ ಒಂದು ಪ್ರಶ್ನೆ ಕೇಳುತ್ತಿದ್ದಳು.

"ಅಮ್ಮಾ, ಅವತ್ತು ಬೆಳಿಗ್ಗೆ ಅಣ್ಣ ಏನಾದ್ರೂ ಅಂದ್ನಾ? ಮೈ ಸರಿ ಇಲ್ಲ ಅಂತ, ಸುಸ್ತು ಅಂತ, ಏನಾದ್ರೂ?"

"ಏನೂ ಅನ್ಲಿಲ್ಲ ಕಣೇ. ಕೋಟು ಕೊಟ್ಟು ಬರೋಕೆ ಹೋದ. ತಗೋ, ಅತ್ತಿಗೆ ಹತ್ರ ಮಾತಾಡು."

ಫೋನು ನನ್ನ ಕೈಗೆ ಬರುತ್ತಿತ್ತು. ಅತ್ತೆ ಮೆಟ್ಟಿಲಿಳಿದು ಅಂಗಡಿಗೆ ಹೋಗುತ್ತಿದ್ದರು. ಭಾನುವಾರ ಅಂಗಡಿಗೆ ರಜೆ. ಆದರೂ ಕೆಳಗಿನಿಂದ ಉಗಿಯ ಸದ್ದು ಬರುತ್ತಿತ್ತು.

ನಮ್ಮದು ಬಟ್ಟೆ ಡ್ರೈಕ್ಲೀನಿಂಗ್ ಮಾಡುವ ಅಂಗಡಿ. ಅಂಗಡಿಯ ಮೇಲೆ ಎರಡು ಕೋಣೆಯ ಮನೆ. ಕಲೆ ತೆಗೆಯುವುದು, ಇಸ್ತ್ರಿ ಮಾಡುವುದು ಅತ್ತೆಯ ಕೆಲಸವಾಗಿತ್ತು. ಯಂತ್ರ ನೋಡಿಕೊಳ್ಳುವುದು, ಮನೆಮನೆಗೆ ಬಟ್ಟೆ ಮುಟ್ಟಿಸುವುದು ನನ್ನ ಗಂಡನದು. ನಾನು ವಿಶ್ವವಿದ್ಯಾನಿಲಯದಲ್ಲಿ ಇತಿಹಾಸ ಓದಿದವಳು, ಅಲ್ಲಿನ ಗ್ರಂಥಾಲಯದಲ್ಲಿ ಪುಸ್ತಕಗಳ ಪಟ್ಟಿ ಮಾಡುವ ಕೆಲಸದಲ್ಲಿದ್ದೆ. ಆ ದಿನದ ನಂತರ ರಜೆ ಹಾಕಿದೆ. ರಜೆ ಮುಗಿದ ಮೇಲೆ ಮತ್ತೆ ಹಾಕಿದೆ. ಅಳು ಬರಲಿಲ್ಲ. ಏನೂ ಬರಲಿಲ್ಲ. ಯಾರಾದರೂ ಊಟ ಮಾಡು ಎಂದರೆ ಮಾಡುತ್ತಿದ್ದೆ.

ಅತ್ತೆಯೂ ಅತ್ತಿರಲಿಲ್ಲ. ನಾನು ಕೂತಲ್ಲಿಂದ ಏಳುತ್ತಿರಲಿಲ್ಲ, ಅವರು ನಿಂತಲ್ಲಿಂದ ಕೂರುತ್ತಿರಲಿಲ್ಲ. ನಮ್ಮಿಬ್ಬರಲ್ಲಿ ಇದ್ದ ವ್ಯತ್ಯಾಸ ಅಷ್ಟೇ.

ಅರ್ಜಿ ತುಂಬಿಸಿದ್ದು ಫಾರಂ ಮೇಷ್ಟ್ರು. ನಿವೃತ್ತ ಶಾಲಾ ಶಿಕ್ಷಕರು. ಜೆರಾಕ್ಸ್ ಅಂಗಡಿಯ ಮೆಟ್ಟಿಲ ಕೆಳಗೆ ಒಂದು ಮೇಜು ಹಾಕಿಕೊಂಡು, ಹೊರದೇಶಕ್ಕೆ ಹೋಗುವವರ ಕಾಗದಪತ್ರ ನೋಡಿಕೊಡುತ್ತಿದ್ದರು. ತಪ್ಪು ಮಾಡಿದವರನ್ನು ಈಗಲೂ ಬೈಯುತ್ತಿದ್ದರು.

"ಪಾಸ್‌ಪೋರ್ಟಲ್ಲಿ ಎರಡು ಪುಟ ಖಾಲಿ ಇರಬೇಕು, ಇದೆ. ವಾಪಸ್ ಬಂದ ಮೇಲೂ ಮೂರು ತಿಂಗಳು ಚಾಲ್ತಿ ಇರಬೇಕು, ಇದೆ. ವಿಮೆ, ಇದೆ. ಮಗಳ ಆಹ್ವಾನ ಪತ್ರ, ಇದೆ. ಫೋಟೋ ಯಾಕಮ್ಮಾ ಹೀಗಿದೆ? ಕಿವಿ ಕಾಣ್ತಿಲ್ಲ."

"ಕಿವಿ ನೋಡಿ ಏನ್ಮಾಡ್ತಾರೆ? ಹಿಂಡ್ತಾರಾ?" ಎಂದರು ಅತ್ತೆ.

"ತಮಾಷೆ ಆಮೇಲೆ. ವಾಪಸ್ ಬರ್ತೀರಿ ಅನ್ನೋದಕ್ಕೆ ಪುರಾವೆ ಏನಿದೆ?"

"ಬರದೆ ಇನ್ನೇನು, ಅಲ್ಲೇ ಇರ್ತೀನಾ?"

"ಅದು ನಿಮಗೆ ಗೊತ್ತು, ನನಗೆ ಗೊತ್ತು. ಅವರಿಗೆ ಗೊತ್ತಿರಲ್ಲ. ನೀವು ಯಾಕೆ ಹೋಗ್ತೀರಿ ಅನ್ನೋದು ಅವರಿಗೆ ಅಷ್ಟು ಮುಖ್ಯ ಅಲ್ಲ ತಾಯಿ. ಯಾಕೆ ವಾಪಸ್ ಬರ್ತೀರಿ ಅನ್ನೋದು ಮುಖ್ಯ."

"ಇಪ್ಪತ್ತಾರು ಜನರ ಬಟ್ಟೆ ಅಂಗಡೀಲಿ ಬಿದ್ದಿದೆ ಅಂತ ಬರೀರಿ."

ಮೇಷ್ಟ್ರು ಅಂಗಡಿಯ ಪರವಾನಗಿ ಪತ್ರ ಲಗತ್ತಿಸಿದರು. ಆಮೇಲೆ ನನ್ನ ಫಾರಂ ಎಳೆದುಕೊಂಡರು. ವೈವಾಹಿಕ ಸ್ಥಿತಿ ಎಂಬಲ್ಲಿ ಸಾಲಾಗಿ ಚೌಕಗಳಿದ್ದವು. ಅವರ ಪೆನ್ನು ಅಲ್ಲಿ ನಿಂತಿತು. ನಾನೇ ಪೆನ್ನು ತೆಗೆದುಕೊಂಡು ಕೊನೆಯದರ ಹಿಂದಿನ ಚೌಕದಲ್ಲಿ ಗುರುತು ಹಾಕಿದೆ. ನನಗೆ ಹೋಗುವ ಮನಸ್ಸಿರಲಿಲ್ಲ, ಹೋಗದಿರುವ ಮನಸ್ಸೂ ಇರಲಿಲ್ಲ. ಅತ್ತೆಗೆ ಒಬ್ಬರೇ ನಡುವೆ ವಿಮಾನ ಬದಲಿಸುವುದು ಆಗದು ಎಂಬುದಷ್ಟೇ ಕಾರಣ.

ಬೆರಳಚ್ಚು ಸಿಗದೆ ವಾಪಸ್ ಬಂದ ಮರುದಿನ ಚರ್ಮದ ಡಾಕ್ಟರ ಬಳಿ ಹೋದೆವು. ಅವರು ಭೂತಗನ್ನಡಿ ಹಿಡಿದು ನೋಡಿದರು.

"ಏನು ಕೆಲಸ ನಿಮ್ಮದು?"

"ಕಲೆ ತೆಗೀತೀನಿ. ಇಸ್ತ್ರಿ ಮಾಡ್ತೀನಿ."

"ಬಿಸಿ ಹೇಗೆ ನೋಡ್ತೀರಿ?"

ಅತ್ತೆ ಎಡಗೈ ಬೆರಳಿನ ತುದಿಯನ್ನು ನಾಲಿಗೆಗೆ ಮುಟ್ಟಿಸಿ, ಕಾದ ಇಸ್ತ್ರಿಪೆಟ್ಟಿಗೆಯನ್ನು ಮುಟ್ಟುವಂತೆ ಗಾಳಿಯಲ್ಲಿ ಸರಕ್ಕನೆ ಸವರಿ ತೋರಿಸಿದರು. ಚುಯ್ ಎಂದರೆ ಹತ್ತಿಗೆ ಸರಿ. ಸದ್ದು ಸಣ್ಣದಿದ್ದರೆ ರೇಷ್ಮೆಗೆ. ಒಂದು ಬೆರಳು ಉರಿದರೆ ಇನ್ನೊಂದು. ಹೀಗೆ ಹತ್ತೂ ಬೆರಳುಗಳಿಗೆ ಸರದಿ ಬರುತ್ತಿತ್ತು. ಇದರ ಮೇಲೆ ತುಕ್ಕು ತೆಗೆಯುವ ಆಮ್ಲ, ಎಣ್ಣೆ ಕಲೆಯ ದ್ರಾವಣ, ಬ್ಲೀಚು. ಕೈಗವಸು ಹಾಕಿದರೆ ಕಲೆ ಕೈಗೆ ತಿಳಿಯುವುದಿಲ್ಲ ಎಂದು ಅವರು ಒಂದು ದಿನವೂ ಹಾಕಿದವರಲ್ಲ.

"ಗೆರೆ ಸತ್ತಿಲ್ಲ, ಸವೆದಿದೆ," ಎಂದರು ಡಾಕ್ಟರು. "ಮೂರು ವಾರ ಬಿಸಿ, ನೀರು, ಕೆಮಿಕಲ್ಲು ಯಾವುದೂ ಮುಟ್ಟಬೇಡಿ. ಗ್ಲಿಸರಿನ್ ಹಚ್ಚಿ. ಬಂದೇ ಬರುತ್ತೆ."

"ಬರಲ್ಲ ಅಂತ ಒಂದು ಪತ್ರ ಬರೆದುಕೊಟ್ಟುಬಿಡಿ ಸಾರ್. ಅದು ಸುಲಭ."

"ಬರೋದನ್ನ ಬರಲ್ಲ ಅಂತ ಹೇಗಮ್ಮಾ ಬರೀಲಿ?"

ಹಾಗಾಗಿ ಅತ್ತೆ ಸುಮ್ಮನೆ ಕೂರಬೇಕಾಯಿತು.

ಮೊದಲ ದಿನ ಅಂಗಡಿಯ ಕುರ್ಚಿಯಲ್ಲಿ ಬಿಳಿ ಹತ್ತಿಯ ಕೈಗವಸು ತೊಟ್ಟು ಕೂತರು. ಇಸ್ತ್ರಿ ನಾನು ಹಿಡಿದೆ. ಅವರ ಕಾಲು ನೆಲವನ್ನು ಬಡಿಯುತ್ತಲೇ ಇತ್ತು.

"ಕಾಲರ್ ಮೊದಲು ಕಣೇ. ಕಾಲರಿಂದ ಭುಜಕ್ಕೆ. ಅಯ್ಯೋ, ತೋಳು ಯಾಕೆ ಹಿಡಿದೆ? ಎಂ.ಎ. ಮಾಡಿದವಳು ಅಂತಾರೆ."

"ಇತಿಹಾಸದಲ್ಲಿ ಅತ್ತೆ."

"ಅದಕ್ಕೇ ಅಂಗಿಗೆ ಈ ಗತಿ."

ಬಟ್ಟೆ ಒಯ್ಯಲು ಬಂದ ಔಷಧಿ ಅಂಗಡಿಯವರು ಬಾಗಿಲಲ್ಲೇ ನಿಂತರು. "ಏನು ಇಸ್ತ್ರಿಯಮ್ಮ, ಬ್ಯಾಂಡ್‌ಸೆಟ್ ಸೇರಿದ್ರಾ? ಕೈಗವಸು, ಏನು ಕಥೆ."

"ಹೂಂ. ನಿಮ್ಮನೆ ಮುಂದೆ ಬಾರಿಸ್ತೀನಿ, ಹಳೇ ಬಾಕಿ ಕೊಡೋವರೆಗೆ."

ನಾಲ್ಕನೇ ದಿನಕ್ಕೆ ಮಾತು ಕಡಿಮೆಯಾಯಿತು. ಕುರ್ಚಿಯಿಂದ ಏಳುವರು, ಬಾಗಿಲವರೆಗೆ ಹೋಗುವರು, ಬರುವರು. ಹ್ಯಾಂಗರುಗಳನ್ನು ಮೊಣಕೈಯಿಂದ ಸರಿಸಿ ಒಂದೇ ಅಂತರಕ್ಕೆ ತರುವರು. ಮೆಟ್ಟಿಲು ಹತ್ತಿ ಮನೆಗೆ ಹೋಗುವರು, ಹೋದದ್ದು ಯಾಕೆಂದು ಮರೆತು ಇಳಿಯುವರು. ಒಂದು ಮಧ್ಯಾಹ್ನ ಮೇಲೆ ಹೋಗಿ ನೋಡಿದರೆ ಹಾಸಿಗೆಯ ಹೊದಿಕೆಯ ಅಂಚಿನಿಂದ ಒಂದೊಂದೇ ದಾರ ಕೀಳುತ್ತಿದ್ದರು. ಮೊಳದಷ್ಟು ಅಂಚು ಬಿಚ್ಚಿಹೋಗಿತ್ತು.

"ಕೆಲಸ ಇಲ್ಲದ ಕೈ ನಾಯಿಗಿಂತ ಕಡೆ," ಎಂದರು. "ಎಲ್ಲೆಲ್ಲೋ ಮೂಸುತ್ತೆ."

ನಾನು ಪ್ರತಿ ಬೆಳಿಗ್ಗೆ ಅವರ ಬೆರಳುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಹನ್ನೊಂದನೆಯ ದಿನ ಬಲಗೈ ತೋರುಬೆರಳಿನಲ್ಲಿ ಗೆರೆಗಳು ಕಂಡವು. ಹದಿನೈದನೆಯ ದಿನ ಮಧ್ಯದ ಬೆರಳಲ್ಲಿ. ತುಂಬ ತೆಳುವಾಗಿ, ಒಣಗಿದ ಎಲೆಯ ನರಗಳ ಹಾಗೆ. ಆರು ತಿಂಗಳಲ್ಲಿ ನಾನು ಎದುರು ನೋಡಿದ್ದು ಅದೊಂದನ್ನೇ ಎಂಬುದು ಬಹಳ ದಿನದ ಮೇಲೆ ಹೊಳೆಯಿತು.

ಭಾನುವಾರದ ಫೋನಿನಲ್ಲಿ ನಾದಿನಿಗೆ ವಿಷಯ ಹೇಳಿದೆ.

"ಎಲ್ಲ ಸರಿ ಹೋಗುತ್ತೆ ಅಲ್ವಾ ಅತ್ತಿಗೆ? ಅಮ್ಮ ಬರ್ತಾರಲ್ವಾ? ನನಗೆ ಹೆರಿಗೆಗೆ ಭಯ ಇಲ್ಲ. ದಿನಾ ನೋಡ್ತೀನಿ. ಅಮ್ಮನ ಹತ್ರ ಕೂತು ಅಣ್ಣನ ಬಗ್ಗೆ ಮಾತಾಡ್ಬೇಕು. ಫೋನಲ್ಲಿ ಅವರು ತಪ್ಪಿಸ್ಕೊಳ್ತಾರೆ."

ಸ್ಪೀಕರ್ ಹಾಕಿತ್ತು. ಅತ್ತೆ ಕೇಳಿಸಿಕೊಂಡರು. ಎದ್ದು ಕೆಳಗೆ ಹೋದರು.

ಇಪ್ಪತ್ಮೂರನೆಯ ದಿನ ಎರಡನೆಯ ಸಲದ ಸಮಯ ಸಿಕ್ಕಿತ್ತು. ಬೆಳಿಗ್ಗೆ ಒಂಬತ್ತೂವರೆಗೆ. ಹಿಂದಿನ ಸಂಜೆ ಎಂಟು ಬೆರಳುಗಳಲ್ಲಿ ಗೆರೆ ಸ್ಪಷ್ಟವಿತ್ತು. ಬೆಳಿಗ್ಗೆ ನಾನು ಕಾಗದಗಳನ್ನು ಜೋಡಿಸುತ್ತಿದ್ದೆ. ಅತ್ತೆ ಕೆಳಗಿದ್ದರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರು. ಕೈಗವಸು ತೊಟ್ಟೇ ಇದ್ದರು.

ಅದೇ ಹುಡುಗಿ. ಗುರುತು ಹಿಡಿದಳು. "ಬನ್ನಿ ಅಮ್ಮಾ, ಈ ಸಲ ಬಂದುಬಿಡುತ್ತೆ."

ಅತ್ತೆ ಕೈಗವಸು ಕಳಚಿದರು. ಕೈ ಬೆಳ್ಳಗಿತ್ತು. ಬೆರಳ ತುದಿಗಳು ಬೇಯಿಸಿದಂತೆ ನುಣುಪಾಗಿ, ನಸುಗೆಂಪಾಗಿದ್ದವು. ವಾಸನೆ ನಾನು ನಿಂತಲ್ಲಿಯವರೆಗೂ ಬಂತು. ಬ್ಲೀಚು.

ಯಂತ್ರದಲ್ಲಿ ಮತ್ತೆ ಬೂದು ಮಚ್ಚೆಗಳು.

"ಏನು ಮಾಡಿದ್ರಿ ಅತ್ತೆ?"

"ತೊಳೆದೆ," ಎಂದರು. "ಗ್ಲಿಸರಿನ್ ಹಚ್ಚಿ ಹಚ್ಚಿ ಉಗುರಿನ ಸಂದಿಯೆಲ್ಲ ಹಳದಿಯಾಗಿತ್ತು. ಇಂಥ ಕಚೇರೀಲಿ ಕೊಳೆ ಕೈ ಚಾಚೋದಾ? ಊರಿನ ಬಟ್ಟೆ ಬೆಳ್ಳಗೆ ಮಾಡೋಳು ನಾನು."

ಹುಡುಗಿ ಕುರ್ಚಿಗೆ ಒರಗಿದಳು. ಸ್ವಲ್ಪ ಹೊತ್ತು ತೆರೆ ನೋಡಿ, ನನ್ನ ಕಡೆ ತಿರುಗಿದಳು. "ಇನ್ನೊಂದು ಸಮಯ ಕೊಡಬಹುದು, ಹದಿನೆಂಟು ದಿನ ಬಿಟ್ಟು. ಅದೇ ಕೊನೇದು, ಆಮೇಲೆ ಹೊಸದಾಗಿ ಅರ್ಜಿ ಹಾಕಬೇಕು. ನಿಮ್ಮದು ಎಲ್ಲ ಸರಿ ಇದೆ ಮೇಡಂ. ನಿಮ್ಮದನ್ನ ಇವತ್ತೇ ತಗೊಳ್ಳಲಾ? ನೀವಾದ್ರೂ ಹೋಗಬಹುದು."

"ತಗೊಳ್ಳಿ," ಎಂದರು ಅತ್ತೆ, ನಾನು ಬಾಯಿ ತೆರೆಯುವ ಮೊದಲು. "ಇವಳು ಹೋಗ್ಲಿ. ಇವಳು ಓದಿದವಳು, ಅಲ್ಲಿ ಓಡಾಡೋಕೆ ಇವಳೇ ಸರಿ. ನಾನು ಅಂಗಡಿ ನೋಡ್ಕೋತೀನಿ."

ಮಾತು ತಡವರಿಸಲಿಲ್ಲ. ಎಷ್ಟೋ ದಿನದಿಂದ ಬಾಯಲ್ಲಿ ಸಿದ್ಧವಾಗಿದ್ದಂತೆ ಬಂತು.

"ಬೇಡ," ಎಂದೆ. "ಇಬ್ಬರದೂ ಒಟ್ಟಿಗೆ. ಹದಿನೆಂಟು ದಿನ ಬಿಟ್ಟು ಬರ್ತೀವಿ."

ಕಚೇರಿಯ ಎದುರಿನ ಬಸ್ ನಿಲ್ದಾಣದಲ್ಲಿ ಕಬ್ಬಿಣದ ಬೆಂಚಿತ್ತು. ಅತ್ತೆ ಕೂರಲಿಲ್ಲ. ನಿಲ್ದಾಣದ ಈ ಕಂಬದಿಂದ ಆ ಕಂಬಕ್ಕೆ ನಡೆಯುತ್ತಿದ್ದರು. ನಮ್ಮ ಬಸ್ಸು ಬಂತು, ಹೋಯಿತು. ನಾನು ಏಳಲಿಲ್ಲ.

"ಬೇಕಂತಲೇ ತೊಳೆದ್ರಾ ಅತ್ತೆ?"

"ಎಂಥ ಮಾತು."

"ಕೋಪಕ್ಕೆ ಕೇಳ್ತಿಲ್ಲ."

ಆ ಕಂಬದವರೆಗೆ ಹೋಗಿ ಬಂದರು. "ಗೊತ್ತಿಲ್ಲ ಕಣೇ. ನಿಜವಾಗ್ಲೂ ಗೊತ್ತಿಲ್ಲ. ಸಿಂಕಿನ ಮುಂದೆ ನಿಂತಿದ್ದೆ. ಉಗುರು ನೋಡ್ದೆ. ಡಬ್ಬ ಕೈಗೆ ಬಂತು." ಬೆಂಚಿನ ತುದಿಯಲ್ಲಿ ಕೂತರು. "ಅವಳು ನರ್ಸು. ಮುಖ ನೋಡ್ಕೊಂಡು ಕೇಳ್ತಾಳೆ. ಫೋನಲ್ಲಾದ್ರೆ ಇಲ್ಲ ಅಂದುಬಿಡಬಹುದು."

"ಏನು ಇಲ್ಲ ಅಂತ?"

ಅತ್ತೆ ರಸ್ತೆಯ ಕಡೆ ನೋಡುತ್ತಲೇ ಹೇಳಿದರು.

"ಅವತ್ತು ಬೆಳಿಗ್ಗೆ ಎಡಗೈ ನೋವು ಅಂದಿದ್ದ. ಭುಜದಿಂದ ಇಲ್ಲಿವರೆಗೆ ಅಂತ ತೋರಿಸ್ದ. ಇಸ್ತ್ರಿ ಅಂಗಡೀಲಿ ಹುಟ್ಟಿದವನಿಗೆ ಕೈ ನೋಯದೆ ಕಾಲು ನೋಯುತ್ತಾ ಅಂದೆ. ಹನ್ನೊಂದಕ್ಕೆ ಆ ಕೋಟು ಕೊಡಬೇಕಿತ್ತು. ಕೊಟ್ಟು ಬಾ, ಬಂದು ಮಲಕ್ಕೋ ಅಂದೆ. ನಗ್ತಾ ಹೋದ."

ನನ್ನ ಗಂಡ ವೃತ್ತದ ಬಳಿ ಸ್ಕೂಟರನ್ನು ರಸ್ತೆಯಂಚಿಗೆ ತಂದು, ಸ್ಟ್ಯಾಂಡ್ ಹಾಕಿ, ಕೋಟನ್ನು ಮಡಿಕೆ ಬೀಳದಂತೆ ಹಿಡಿಕೆಗೆ ನೇತುಹಾಕಿ, ಪಾದಚಾರಿ ಕಟ್ಟೆಯ ಮೇಲೆ ಕೂತಿದ್ದರು. ಜನ ಹತ್ತಿರ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇದು ನನಗೆ ಗೊತ್ತಿತ್ತು. ಕೈ ನೋವಿನ ಮಾತು ಅತ್ತೆಗೂ ಗೊತ್ತು ಎಂಬುದು ಗೊತ್ತಿರಲಿಲ್ಲ.

"ನನಗೂ ಹೇಳಿದ್ರು," ಎಂದೆ.

ಅತ್ತೆ ತಿರುಗಿದರು.

"ಹಿಂದಿನ ಸಂಜೆ. ನಾನು ಗ್ರಂಥಾಲಯದ ಪಟ್ಟಿ ತಿದ್ದುತ್ತಾ ಕೂತಿದ್ದೆ. ಕೈ ಒಂಥರಾ ಎಳೀತಿದೆ ಅಂದ್ರು. ನಾಳೆ ಡಾಕ್ಟರ ಹತ್ರ ಹೋಗಿ ಬನ್ನಿ ಅಂದೆ. ತಲೆ ಎತ್ತಲಿಲ್ಲ. ಬೆಳಿಗ್ಗೆ ನೆನಪು ಮಾಡಲಿಲ್ಲ. ನನಗೇ ನೆನಪಿರಲಿಲ್ಲ."

ಆರು ತಿಂಗಳು ಮೂರು ವಾರ ನಾನು ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದ ಮೇಲೆ ಏನೂ ಆಗಲಿಲ್ಲ. ಇನ್ನೊಂದು ಬಸ್ಸು ಬಂತು. ಅದು ಬೇರೆ ದಾರಿಯದು.

"ಹಾಗಾದ್ರೆ ಇಬ್ಬರಿಗೂ ಹೇಳಿದ್ದ," ಎಂದರು ಅತ್ತೆ.

"ಹೂಂ."

"ಮೂರನೆಯವಳಿಗೆ ಹೇಳಿದ್ದಿದ್ರೆ ಬದುಕ್ತಿದ್ದ. ಅವಳಾಗಿದ್ರೆ ಫೋನಲ್ಲೇ ಹಿಡಿದುಬಿಡ್ತಿದ್ದಳು."

ಇರಬಹುದು, ಇಲ್ಲದಿರಬಹುದು. ಅತ್ತೆಯ ಕೈಗಳು ಮಡಿಲಲ್ಲಿ ಒಂದನ್ನೊಂದು ಉಜ್ಜುತ್ತಿದ್ದವು. ನಾನು ಅವುಗಳ ಮೇಲೆ ಕೈ ಇಟ್ಟು ನಿಲ್ಲಿಸಿದೆ.

"ಉಜ್ಜಬೇಡಿ. ಹದಿನೆಂಟೇ ದಿನ ಇರೋದು."

"ಹೋಗಲೇಬೇಕಾ?"

"ಅವಳಿಗೆ ಹೇಳಬೇಕಲ್ಲ ಅತ್ತೆ."

"ನೀನೇ ಹೋಗಿ ಹೇಳಿಬಿಡು."

"ನನ್ನದನ್ನ ನಾನು ಹೇಳ್ತೀನಿ. ನಿಮ್ಮದನ್ನ ನಾನು ಹೇಗೆ ಹೇಳಲಿ?"

ಅತ್ತೆ ಚೀಲದಿಂದ ಕೈಗವಸು ತೆಗೆದು ತೊಡಲು ನೋಡಿದರು. ಬೆರಳು ಉರಿಯುತ್ತಿತ್ತು. ನಾನು ತೊಡಿಸಿದೆ.

ಆ ಹದಿನೆಂಟು ದಿನ ಹೇಗೆ ಕಳೆದವೆಂದು ಬರೆಯುವುದು ಕಷ್ಟ. ಸಿಂಕಿನ ಕೋಣೆಗೆ ಬೀಗ ಹಾಕಿ ಕೀಲಿಯನ್ನು ನನ್ನ ಬಳಿ ಇಟ್ಟುಕೊಂಡೆ. ಹಾಗೆ ಮಾಡು ಎಂದವರು ಅವರೇ. ಮೂರನೆಯ ದಿನ ಕೀಲಿ ಕೊಡು ಎಂದು ಜಗಳವಾಡಿದವರೂ ಅವರೇ. "ಕೋಟ್ಯಧೀಶೆ ಥರ ಕೀಲಿ ಸಿಕ್ಕಿಸ್ಕೊಂಡಿದ್ದೀಯಲ್ಲ, ಅಂಗಡಿ ನಿಂದಾ ನಂದಾ?" ನಾನು ಕೊಡಲಿಲ್ಲ. ಒಂದು ರೇಷ್ಮೆ ಅಂಗಿಯ ಬೆನ್ನನ್ನು ನಾನು ಸುಟ್ಟೆ. ಅತ್ತೆ ಬೈಯಲಿಲ್ಲ. ಸುಟ್ಟ ಗುರುತನ್ನು ಕೈಗವಸಿನ ಬೆರಳಿಂದ ಸವರಿ, "ಇದು ಹೋಗಲ್ಲ. ಗಿರಾಕಿಗೆ ಹೇಳಿಬಿಡೋಣ," ಎಂದರು. ಅಂಗಿಯವರು ಬಂದಾಗ ತಾವೇ ಎದ್ದು ನಿಂತು ಹೇಳಿದರು. ಹಿಂದೆಲ್ಲ ಇಂಥದ್ದನ್ನು ಮಡಿಕೆಯೊಳಗೆ ಮುಚ್ಚಿ ಕೊಟ್ಟುಬಿಡುತ್ತಿದ್ದರು.

ಕುರ್ಚಿಯಲ್ಲಿ ಕೂತು ಮಗನ ಮಾತಾಡತೊಡಗಿದರು. ಐದು ವರ್ಷದವನಿದ್ದಾಗ ಬಟ್ಟೆಯ ಚೀಟಿಗಳನ್ನೆಲ್ಲ ಅದಲುಬದಲು ಮಾಡಿದ್ದು, ಪೊಲೀಸರ ಪ್ಯಾಂಟು ವಕೀಲರ ಮನೆಗೆ ಹೋದದ್ದು. ಮಾತಿನ ನಡುವೆ ಸಟಕ್ಕನೆ ಎದ್ದು ಬಾಗಿಲಿಗೆ ಹೋಗುವರು. ಬಂದು ಅಲ್ಲಿಂದಲೇ ಮುಂದುವರಿಸುವರು. ನಾನು ಇಸ್ತ್ರಿ ಮಾಡುತ್ತಾ ಕೇಳುತ್ತಿದ್ದೆ. ಒಂದು ದಿನ ಅಂಗಿಯ ಮೇಲೆ ನೀರು ಬಿತ್ತು. ನೀರು ಚಿಮುಕಿಸುವ ಬಾಟಲಿ ಸೋರುತ್ತಿದೆ ಎಂದುಕೊಂಡು ತಿರುಗಿಸಿ ನೋಡಿದೆ. ಸೋರುತ್ತಿರಲಿಲ್ಲ.

ಅತ್ತೆ ನೋಡಿದರು. ಅವರಾಗಿಯೇ ಹೋಗಿ ಅಂಗಡಿಯ ಬಾಗಿಲನ್ನು ಅರ್ಧ ಮುಚ್ಚಿದರು.

ಮೂರನೆಯ ಸಲ ಹೋಗುವ ದಿನ ಬೆಳಿಗ್ಗೆ ಅವರ ಉಗುರಿನ ಸಂದಿಗಳು ಹಳದಿಯಾಗಿದ್ದವು. "ನೋಡು, ಹೇಗಿದೆ," ಎಂದು ನನಗೆ ತೋರಿಸಿದರು. "ಹೀಗೇ ಹೋಗ್ತೀನಿ."

ಬಲಗೈ ನಾಲ್ಕು ಬೆರಳೂ ಬಂದವು. ಎಡಗೈಯ ನಾಲ್ಕೂ ಬಂದವು. ಬಲ ಹೆಬ್ಬೆರಳು ಬಂತು. ಎಡ ಹೆಬ್ಬೆರಳು ಎಷ್ಟು ಒತ್ತಿದರೂ ಬರಲಿಲ್ಲ.

ಹುಡುಗಿ ಮೇಲಿನವರನ್ನು ಕೇಳಿ ಬರಲು ಒಳಗೆ ಹೋದಳು. ಅತ್ತೆ ಕೌಂಟರಿನ ಅಂಚನ್ನು ಹಿಡಿದು ನಿಂತರು. ಸಾಲಿನವರು ಅಸಹನೆಯಿಂದ ಕೆಮ್ಮುತ್ತಿದ್ದರು. ಐದು ನಿಮಿಷವಾಯಿತು. ಹತ್ತಾಯಿತು.

"ಒಂಬತ್ತಕ್ಕೆ ಒಪ್ಪಿದ್ದಾರೆ," ಎಂದಳು ಬಂದು. "ಹತ್ತನೆಯದಕ್ಕೆ ಕಾರಣ ಬರೀಬೇಕು. ಗಾಯವಾ, ಕಾಯಿಲೆಯಾ?"

"ಕೆಲಸ ಅಂತ ಬರ್ಕೊಳ್ಳಮ್ಮಾ," ಎಂದರು ಅತ್ತೆ.

ಆ ಕಾರಣ ಅವಳ ಪಟ್ಟಿಯಲ್ಲಿರಲಿಲ್ಲ. ಇತರೆ ಎಂಬುದನ್ನು ಆರಿಸಿ, ಪಕ್ಕದಲ್ಲಿ ಹಾಗೆಯೇ ಬರೆದುಕೊಂಡಳು.

ಕೂಸು ಕಾಯಲಿಲ್ಲ. ಅರ್ಜಿ ಕೊಟ್ಟ ಒಂಬತ್ತನೆಯ ದಿನ, ಲೆಕ್ಕಕ್ಕಿಂತ ಸುಮಾರು ಎರಡು ವಾರ ಮೊದಲೇ, ಹೆಣ್ಣುಮಗು ಹುಟ್ಟಿತು. ಫೋನು ಬಂದಾಗ ಅತ್ತೆ ಇಸ್ತ್ರಿ ಮಾಡುತ್ತಿದ್ದರು. ಬೆರಳು ಕೊಟ್ಟಾಗಿತ್ತಲ್ಲ, ಇನ್ನು ಯಾರಪ್ಪನ ಹಂಗು ಎಂದು ಅದೇ ಸಂಜೆ ಶುರು ಮಾಡಿದ್ದರು. ಸುದ್ದಿ ಕೇಳಿ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರು. ನಾದಿನಿಯ ದನಿ ದಣಿದಿತ್ತು.

"ಹೆರಿಗೆ ಆಗಿಹೋಯ್ತು, ಇನ್ನು ಯಾಕೆ ಬರೋದು ಅಂತ ಶುರು ಮಾಡಬೇಡಿ ಅಮ್ಮಾ."

"ಬರ್ತೀನಿ," ಎಂದರು ಅತ್ತೆ. "ವೀಸಾ ಕೊಟ್ರೆ ಬರ್ತೀನಿ. ನಿನ್ನ ಹತ್ರ ಮಾತಿದೆ."

"ಏನು ಮಾತು?"

"ಫೋನಲ್ಲಿ ಹೇಳೋದಲ್ಲ."

ಮಾತಾಡಿ ಮುಗಿಸಿದ ಮೇಲೆ ಅಂಗಡಿಯೊಳಗೆ ಮೂರು ಸುತ್ತು ಹಾಕಿ, ಸಿಂಕಿನ ಕೋಣೆಯ ಬೀಗವನ್ನು ತಾವೇ ಹಾಕಿ, ಕೀಲಿ ನನ್ನ ಕೈಗೆ ಕೊಟ್ಟರು. "ಅಲ್ಲಿ ಇಳಿದಾಗಲೂ ಬೆರಳು ನೋಡ್ತಾರೆ ಅಂತ ಮೇಷ್ಟ್ರು ಅಂದಿದ್ರು. ಮರೆತುಬಿಟ್ಟಿದ್ದೆ."

ವೀಸಾ ಆರು ದಿನದ ಮೇಲೆ ಬಂತು. ಇಬ್ಬರದೂ.

ವಿಮಾನದಲ್ಲಿ ಅತ್ತೆ ನಿದ್ದೆ ಮಾಡಲಿಲ್ಲ. ಎದುರಿನ ಆಸನದ ಹೊದಿಕೆಯಲ್ಲಿದ್ದ ಕಾಫಿ ಕಲೆಯನ್ನು ನೋಡಿ, ಇದು ಹತ್ತು ನಿಮಿಷದ ಕೆಲಸ ಎಂದು ಎರಡು ಸಲ ಹೇಳಿದರು. ಎರಡನೆಯ ವಿಮಾನದಲ್ಲಿ ಅದನ್ನೂ ಹೇಳಲಿಲ್ಲ.

ಇಳಿದ ಮೇಲೆ ಗಾಜಿನ ಪೆಟ್ಟಿಗೆಯೊಳಗೆ ಕೂತ ಅಧಿಕಾರಿ ಇಂಗ್ಲಿಷಿನಲ್ಲಿ ಕೇಳಿದ. ಎಷ್ಟು ದಿನ, ಯಾರ ಮನೆ, ವಾಪಸ್ ಟಿಕೆಟ್ ಎಲ್ಲಿ. ಆಹ್ವಾನ ಪತ್ರ, ವಿಮೆ, ಟಿಕೆಟ್ ಮೂರನ್ನೂ ಗಾಜಿನ ಕೆಳಗೆ ಸರಿಸಿದೆ. ಅತ್ತೆ ಬೆರಳಿಟ್ಟರು. ಯಂತ್ರ ತಡಮಾಡಿತು. ಅಧಿಕಾರಿ ಮತ್ತೆ ಇಡಲು ಸನ್ನೆ ಮಾಡಿದ. ಮತ್ತೆ ಇಟ್ಟರು. ಅವನು ಮೊಹರು ಒತ್ತಿದ.

"ಏನಂದ?"

"ಹೋಗಿ ಅಂದ."

ಪೆಟ್ಟಿಗೆಗಳನ್ನು ತಳ್ಳುಗಾಡಿಗೆ ಹಾಕಿದೆವು. ಹೊರಹೋಗುವ ಬಾಗಿಲು ಜನ ಹತ್ತಿರ ಹೋದಾಗ ತೆರೆದು, ಅವರು ದಾಟಿದ ಮೇಲೆ ಮುಚ್ಚುತ್ತಿತ್ತು. ತೆರೆದಾಗಲೆಲ್ಲ ಆಚೆಯವರ ಮುಖಗಳು ಕಾಣುತ್ತಿದ್ದವು. ಮೂರನೆಯ ಸಲ ತೆರೆದಾಗ ನಾದಿನಿ ಕಂಡಳು. ದಪ್ಪ ಕೋಟು, ಬಿಳಿಚಿದ ಮುಖ, ಕಂಬಿಯನ್ನು ಹಿಡಿದ ಕೈ. ಕೂಸು ಅವಳ ಗಂಡನ ಎದೆಯ ಚೀಲದಲ್ಲಿತ್ತು. ಅವಳು ಇನ್ನೂ ನಮ್ಮನ್ನು ನೋಡಿರಲಿಲ್ಲ.

ಅತ್ತೆ ನಿಂತುಬಿಟ್ಟರು. ಇಷ್ಟು ದಿನ ಒಂದು ಗಳಿಗೆ ನಿಲ್ಲದವರು ಈಗ ಕದಲಲಿಲ್ಲ.

"ಏನಂತ ಶುರು ಮಾಡ್ಲಿ?"

"ಮೊದಲು ಕೂಸು ಹೇಗಿದೆ ಅಂತ ಕೇಳಿ."

"ಆಮೇಲೆ?"

"ಆಮೇಲೆ ಅವಳೇ ಕೇಳ್ತಾಳೆ."

ಹಿಂದಿನಿಂದ ಬಂದವರು ದಾರಿ ಬಿಡಿ ಎಂದರು. ಬಾಗಿಲು ತೆರೆಯಿತು. ಈ ಸಲ ನಾದಿನಿ ನೋಡಿದಳು. ಕಂಬಿಯ ಕೆಳಗೆ ನುಸುಳಿ ಬಂದಳು, ಯಾರೋ ಅದಕ್ಕೆ ಬೈದರು. ಅಮ್ಮನನ್ನು ತಬ್ಬಿದಳು. ಅವಳ ಭುಜ ಅಲುಗುತ್ತಿತ್ತು. ಅತ್ತೆ ಕೂಸಿನ ಬಗ್ಗೆ ಕೇಳಲಿಲ್ಲ. ಅವಳು ಪ್ರಶ್ನೆ ಕೇಳುವವರೆಗೆ ಕಾಯಲೂ ಇಲ್ಲ.

"ಅಂದಿದ್ದ ಕಣೇ," ಎಂದರು ಅವಳ ಕೋಟಿನೊಳಕ್ಕೆ. "ಅವತ್ತು ಬೆಳಿಗ್ಗೆ. ಎಡಗೈ ನೋವು ಅಂದಿದ್ದ. ನಾನೇ ಕಳಿಸ್ದೆ."

ನಾದಿನಿಯ ಭುಜ ಅಲುಗುವುದು ನಿಂತಿತು. ತಲೆ ಎತ್ತಲಿಲ್ಲ. ಅಮ್ಮನ ಹೆಗಲ ಮೇಲಿಂದ ಅವಳ ಕಣ್ಣು ನನ್ನನ್ನು ಹುಡುಕಿತು.

"ನನಗೂ ಅಂದಿದ್ರು," ಎಂದೆ. "ಹಿಂದಿನ ಸಂಜೆ."

ಅಮ್ಮನ ಬೆನ್ನ ಮೇಲಿದ್ದ ಅವಳ ಕೈ ಹಾಗೆಯೇ ಇತ್ತು, ತೆಗೆಯಲಿಲ್ಲ. ಇನ್ನೊಂದು ಕೈಯನ್ನು ನನ್ನ ಕಡೆ ಚಾಚಿದಳು. ನಾನು ತಳ್ಳುಗಾಡಿಯನ್ನು ಬಿಟ್ಟು ಹತ್ತಿರ ಹೋದೆ. ಗಾಡಿ ತಾನಾಗಿ ಉರುಳಿ ಗೋಡೆಗೆ ತಗುಲಿ ನಿಂತಿತು. ಜನ ನಮ್ಮ ಎರಡೂ ಪಕ್ಕದಿಂದ ದಾಟಿಹೋಗುತ್ತಿದ್ದರು.